ಕಾರ್ತೀಕದಲ್ಲಿ ನಾನು ತೋರಿಸಿದ ನೆಲ್ಲಿಮರ

ಹೋದ ಮಳೆಗಾಲದಿಂದ ಕಾರ್ತೀಕದವರೆಗೂ ಮೊಮ್ಮಗಳ ಕೈ ಹಿಡಿದುಕೊಂಡು ನಮ್ಮ ಬೀದಿ ಕೊನೆ ದಾಟೋದಕ್ಕೆ ನನಗೆ ಅಪ್ಪಣೆ ಇರಲಿಲ್ಲ. ಅಪ್ಪಣೆ ಕೊಡಬೇಕಾದವಳು ನನ್ನ ಮಗಳು, ಆ ಮಗುವಿನ ತಾಯಿ. ಬೀದಿ ಕೊನೆಯಲ್ಲಿ ಈರುಳ್ಳಿ ಮಂಡಿ ಇದೆ. ಅಲ್ಲಿವರೆಗೂ ಹೋಗಿ ಲಾರಿಯಿಂದ ಮೂಟೆ ಇಳಿಸೋದನ್ನು ನೋಡಬಹುದು, ಆಮೇಲೆ ತೆಪ್ಪಗೆ ವಾಪಸ್ ಬರಬೇಕು. ಏಳು ವರ್ಷದ ಮಗುವಿಗೂ ಅರವತ್ತೆಂಟು ದಾಟಿದ ನನಗೂ ಒಂದೇ ಕಟ್ಟುಪಾಡು.

ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವನು. ಮಂಡಿ ಮೊಹಲ್ಲಾದಲ್ಲಿ ತಗಡಿನ ಟ್ರಂಕು ಮಾಡೋ ಶೆಡ್ಡಿನಲ್ಲಿ ನಲವತ್ತು ವರ್ಷಕ್ಕೂ ಮೇಲೆ ಸುತ್ತಿಗೆ ಹಿಡಿದೆ. ಕೈ ನಡುಗೋಕೆ ಶುರುವಾಗಿ ತಗಡಿನ ಅಂಚು ಸೊಟ್ಟಗಾಗತೊಡಗಿದ ಮೇಲೆ ಕೆಲಸ ಬಿಟ್ಟೆ. ಅವತ್ತು ಎಲ್ಲರೂ ಹೇಳಿದ್ದು ಒಂದೇ ಮಾತು. "ಇನ್ನೇನ್ ಯಜಮಾನ್ರೇ, ಆರಾಮಾಗಿ ಸುತ್ತಾಡ್ಕೊಂಡಿರಿ." ನಾನು ಅದನ್ನು ನಂಬಿಬಿಟ್ಟೆ. ನಲವತ್ತು ವರ್ಷ ಬೆಟ್ಟವನ್ನು ಶೆಡ್ಡಿನ ಬಾಗಿಲಿಂದ ನೋಡಿದವನಿಗೆ, ಹಕ್ಕಿ ಅಂದರೆ ತಗಡಿನ ಸದ್ದಿಗೆ ಹಾರಿಹೋಗೋ ಪಾರಿವಾಳ ಅಂತ ತಿಳಿದಿದ್ದವನಿಗೆ, ಊರೆಲ್ಲ ಇನ್ನು ನನ್ನದೇ ಅನ್ನಿಸಿತು.

ಸುತ್ತಾಡೋಕೆ ಎಷ್ಟು ಜನರ ಕೈಕಾಲು ಹಿಡೀಬೇಕು ಅನ್ನೋದನ್ನು ಮಾತ್ರ ಯಾರೂ ಹೇಳಲಿಲ್ಲ. ಬೆಳಿಗ್ಗೆ ಕೆರೆ ಏರಿ ಮೇಲೆ ನಡೆದು ಬರೋಣ ಬಾ ಅಂತ ಹೆಂಡತಿಯನ್ನು ಕರೆದರೆ, ಅವಳು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಪೂಜೆ ಮುಗಿಸಿ, ಹಾಲು ಕಾಯಿಸಿ, ರಾತ್ರಿ ಸಾರಿಗೆ ಕಾಳು ನೆನೆಹಾಕಿ, ಸೀರೆ ಬದಲಾಯಿಸೋ ಹೊತ್ತಿಗೆ ಬಿಸಿಲು ಚುರುಕಾಗಿರುತ್ತೆ. "ಈ ಬಿಸಿಲಲ್ಲಿ ಯಾರ್ ನಡೀತಾರ್ರೀ" ಅಂತ ನನ್ನನ್ನೇ ಕೇಳ್ತಾಳೆ. ಶೆಡ್ಡಿನ ಹಳೇ ಜೊತೆಗಾರನೊಬ್ಬ ಬರ್ತಿದ್ದ. ಅವನು ಮೊದಲನೇ ಕಲ್ಲುಬೆಂಚಿನಲ್ಲಿ ಕೂತರೆ ಏಳ್ತಿರಲಿಲ್ಲ. ಮಂಡಿನೋವಿನ ಕಥೆ ಕೇಳಿಕೊಂಡು ಕೂರೋಕೆ ಕೆರೆಯೇ ಬೇಕಾ, ಮನೆ ಜಗಲಿ ಸಾಕು.

ನನ್ನ ಜೊತೆ ನಿಜವಾಗಿ ನಡೆಯೋಳು ನನ್ನ ಮೊಮ್ಮಗಳು ಒಬ್ಬಳೇ. ಅವಳ ವಿಷಯ ಬರೆಯೋಕೆ ಕೂತರೆ ಒಂದು ಪುಸ್ತಕ ಸಾಲದು. ಒಂದು ಇರುವೆ ಸಾಲು ಕಂಡರೆ ಅದು ಎಲ್ಲಿಂದ ಹೊರಟಿತು ಅಂತ ಹಿಂದೆ ಹಿಂದೆ ಹೋಗಿ ಕಂಡುಹಿಡಿಯಲೇಬೇಕು. ಮರದ ತೊಗಟೆಗೆ ಕಿವಿ ಇಟ್ಟು "ತಾತ, ಒಳಗೆ ನೀರು ಹತ್ತೋ ಸದ್ದು ಕೇಳುತ್ತಾ" ಅಂತಾಳೆ. ನಾನೂ ಕಿವಿ ಇಡ್ತೀನಿ. ಕೇಳಲಿಲ್ಲ ಅಂದರೆ ಬೇಜಾರು ಮಾಡಿಕೊಳ್ತಾಳೆ ಅಂತ, ಸಣ್ಣಗೆ ಕೇಳ್ತಾ ಇದೆ ಅಂತೀನಿ. ಅವಳು ನನ್ನ ಬೆರಳು ಹಿಡಿದು ನಡೆದರೆ ನನ್ನ ಕೈ ನಡುಗೋದು ನಿಂತುಹೋಗುತ್ತೆ. ಇದನ್ನು ಡಾಕ್ಟರಿಗೆ ಹೇಳಿದೆ, ಅವರು ನಕ್ಕು ಮಾತ್ರೆ ಬರೆದುಕೊಟ್ಟರು.

ಅಪ್ಪಣೆ ತಪ್ಪಿದ್ದು ನನ್ನ ತಪ್ಪಿನಿಂದಲೇ, ಇಲ್ಲ ಅನ್ನಲ್ಲ. ಮಳೆಗಾಲದ ಒಂದು ಸಂಜೆ, ದೇವಸ್ಥಾನಕ್ಕೆ ಹೋಗಿಬರ್ತೀವಿ ಅಂತ ಮನೇಲಿ ಹೇಳಿ, ಮಗುವನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋದೆ. ನಿಜ ಹೇಳಿದ್ದರೆ ಮೋಡ ಇದೆ, ನೆಗಡಿ ಆಗುತ್ತೆ, ಹೋಂವರ್ಕ್ ಇದೆ ಅಂತ ಬಿಡ್ತಿರಲಿಲ್ಲ. ಫೋನು ಮನೆಯಲ್ಲೇ ಮರೆತಿದ್ದೆ. ಹೆಜ್ಜಾರ್ಲೆ ಹಕ್ಕಿಗಳು ನೀರಿಗಿಳಿಯೋದು ನೋಡ್ತಾ ನೋಡ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮನೆಗೆ ಬಂದಾಗ ದೀಪ ಹತ್ತಿತ್ತು. ಮಗಳು ದೇವಸ್ಥಾನಕ್ಕೆ ಹೋಗಿ ಹುಡುಕಿ, ಅಲ್ಲಿ ಇಲ್ಲ ಅಂತ ತಿಳಿದು, ಬಾಗಿಲಲ್ಲಿ ಅಳ್ತಾ ನಿಂತಿದ್ದಳು. ಅಷ್ಟಾದರೂ ನಾನು ಬುದ್ಧಿ ಇಲ್ಲದೆ "ದೇವಸ್ಥಾನದಲ್ಲಿ ರಶ್ಶು ಕಣಮ್ಮ" ಅಂದೆ. ಮೊಮ್ಮಗಳು ಹಿಂದೆಯೇ ಬಂದು "ಅಮ್ಮಾ, ಆ ಹಕ್ಕಿ ಬಾಯಲ್ಲಿ ಚೀಲ ಇದೆ" ಅಂದಳು.

ನನ್ನ ಮಗಳು ನರ್ಸು. ಕೂಗಾಡೋಳಲ್ಲ. ಆಸ್ಪತ್ರೆಯಲ್ಲಿ ಮಾತಾಡೋ ಹಾಗೆ ಮೆಲ್ಲಗೆ ಹೇಳಿದಳು. "ಲೇಟಾಗಿದ್ದಕ್ಕೆ ಅಲ್ಲ ಅಪ್ಪ. ಇರ್ತೀನಿ ಅಂತ ನೀನು ಹೇಳಿದ್ ಜಾಗದಲ್ಲಿ ನೀನಿರಲ್ಲ ಅಂದ್ರೆ, ನಾನು ಮಗೂನ ಹೆಂಗ್ ಕಳಿಸ್ಲಿ?"

ಅಲ್ಲಿಂದ ಶುರುವಾಯಿತು ಈರುಳ್ಳಿ ಮಂಡಿಯ ಗಡಿ.

ನಾಲ್ಕು ತಿಂಗಳು ತಡೆದೆ. ಒಳಗೊಳಗೇ ಕುದೀತಿದ್ದೆ. ನಾವಿಬ್ಬರೂ ಸುತ್ತೋ ದಿನವಾಗಿದ್ದ ಭಾನುವಾರ ಬಂದರೆ ಮಗು ಕಿಟಕಿ ಸರಳು ಹಿಡಿದು ನನ್ನ ಮುಖ ನೋಡೋದು, ನಾನು ಅವಳ ಮುಖ ನೋಡೋದು. ಕಡೆಗೆ ಕಾರ್ತೀಕ ಬಂದಾಗ ಒಂದು ಉಪಾಯ ಹೊಳೆಯಿತು. ಶೆಡ್ಡಿನ ಹಳೇ ಯಜಮಾನರ ಕಾಲದಲ್ಲಿ ವರ್ಷಾ ವರ್ಷಾ ಕಾರ್ತೀಕದ ಒಂದು ದಿನ ಸುತ್ತಿಗೆ ಮುಟ್ಟೋ ಹಾಗಿರಲಿಲ್ಲ. ಕೆಲಸದವರು, ಹೆಂಡತಿ ಮಕ್ಕಳು, ಪಾತ್ರೆ ಪರಡಿ ಎಲ್ಲ ಒಂದು ಟೆಂಪೋಗೆ ಹತ್ತಿ, ಹಿನಕಲ್ ದಾಟಿ ಒಂದು ನೆಲ್ಲಿತೋಪಿಗೆ ಹೋಗ್ತಿದ್ದೆವು. ನೆಲ್ಲಿಮರದ ಬುಡಕ್ಕೆ ಪೂಜೆ ಮಾಡಿ, ನೆಲ್ಲಿಕಾಯಿಯ ತಲೆ ಕೊರೆದು ತುಪ್ಪದ ಬತ್ತಿ ಇಟ್ಟು ದೀಪ ಹಚ್ಚಿ, ಆ ನೆರಳಿನಲ್ಲೇ ಊಟ. ವನಭೋಜನ ಅಂತ. ನಮ್ಮ ಮದುವೆಯಾದ ವರ್ಷ ನನ್ನ ಹೆಂಡತಿ ಅಲ್ಲಿಗೆ ಬಂದಿದ್ದಳು. ಹೊಸ ಮದುವಣಗಿತ್ತಿ ಅಂತ ಯಜಮಾನರ ಮನೆಯವರು ಅವಳ ಕೈಯಿಂದಲೇ ಮೊದಲ ದೀಪ ಹಚ್ಚಿಸಿದ್ದರು.

ಇದನ್ನು ಊಟದ ಹೊತ್ತಿನಲ್ಲಿ ಎತ್ತಿದೆ. "ಎಲ್ರೂ ಹೋಗಣ. ಆ ಮರಗಳಿರೋ ಜಾಗ ಕಣ್ಣು ಮುಚ್ಕೊಂಡು ತೋರಿಸ್ತೀನಿ."

ಮಗಳು ತಟ್ಟೆಯಿಂದ ಕಣ್ಣೆತ್ತಿದಳು. ನಾನು ಏನಕ್ಕೆ ಪೀಠಿಕೆ ಹಾಕ್ತಿದ್ದೀನಿ ಅಂತ ಅವಳಿಗೆ ತಿಳಿಯದೇ ಇರುತ್ತಾ. "ಆಯ್ತಪ್ಪ. ಹೇಳಿದ್ ಜಾಗಕ್ಕೆ ಕರ್ಕೊಂಡೋಗಿ, ಹೇಳಿದ್ ಹೊತ್ತಿಗೆ ಕರ್ಕೊಂಡ್ ಬಾ. ಭಾನುವಾರದ ವಿಷಯ ಆಮೇಲೆ ಮಾತಾಡಣ" ಅಂದಳು.

ಅಷ್ಟು ಸಾಕಾಗಿತ್ತು ನನಗೆ. ರಾತ್ರಿಯೆಲ್ಲ ಆ ತೋಪಿನ ದಾರಿಯನ್ನು ತಲೆಯಲ್ಲೇ ಹತ್ತು ಸಲ ಹೋಗಿ ಬಂದೆ.

ಭಾನುವಾರ ಎಂಟು ಗಂಟೆಗೆ ಹೊರಡಬೇಕು ಅಂತ ಮಾತು. ಹೊರಟಿದ್ದು ಹತ್ತೂಕಾಲಿಗೆ. ಪುಳಿಯೋಗರೆ, ಮೊಸರನ್ನ, ಕಡಲೆಕಾಳು ಉಸಲಿ, ಮಾರ್ಕೆಟ್ಟಿನಿಂದ ತಂದ ಹನ್ನೊಂದು ನೆಲ್ಲಿಕಾಯಿ, ಚಾಪೆ, ಎರಡು ಬಿಂದಿಗೆ ನೀರು. "ಅಲ್ಲಿ ನೀರು ಸಿಗುತ್ತೆ ಕಣೇ, ಬಾವಿ ಇದೆ" ಅಂದರೆ ಹೆಂಡತಿ ಕೇಳಲಿಲ್ಲ. "ನಿಮ್ ಬಾವಿ ನಂಬ್ಕೊಂಡು ಮಗೂನ ಬಾಯಾರಿಸ್ಲಾ" ಅಂದಳು. ಅಳಿಯಂದಿರು ಆಟೋ ಓಡಿಸ್ತಾರೆ, ಅದರಲ್ಲೇ ಪ್ರಯಾಣ. ಹಿಂದೆ ನಾವು ಮೂವರು, ಮಧ್ಯೆ ಬಿಂದಿಗೆ, ಬಿಂದಿಗೆ ಮೇಲೆ ಚಾಪೆ, ಚಾಪೆ ಮೇಲೆ ಮೊಮ್ಮಗಳು. ಅಳಿಯಂದಿರು ಕನ್ನಡಿಯಲ್ಲಿ ನನ್ನನ್ನು ನೋಡಿ, "ಮಾವ, ವನಭೋಜನಕ್ಕಾ, ಮನೆ ಖಾಲಿ ಮಾಡ್ತಾ ಇದೀವಾ?" ಅಂದರು.

ಹಿನಕಲ್ ಬಂತು. ಮೊದಲು ಅಲ್ಲಿ ಒಂದು ಹಳ್ಳಿ ಇತ್ತು, ಹಳ್ಳಿ ಮುಗಿದ ಮೇಲೆ ರಾಗಿ ಹೊಲ, ಹೊಲ ಮುಗಿದ ಮೇಲೆ ಒಂದು ಕಲ್ಲುಮಂಟಪ, ಮಂಟಪದ ಎಡಕ್ಕೆ ಬಂಡಿಜಾಡು. ಈಗ ಫ್ಲೈಓವರ್ ಮೇಲಿಂದ ನೋಡಿದರೆ ಎಲ್ಲ ಕಡೆಯೂ ಮನೆ. "ಎಡಕ್ಕೆ ತಗೊಳಿ" ಅಂದೆ. ಎಡಕ್ಕೆ ಮೂರು ರಸ್ತೆ ಇದ್ದವು.

"ಯಾವ ಎಡ, ಮಾವ?"

"ಮಂಟಪ ಇರೋ ಎಡ."

ಮಂಟಪ ಇರಲಿಲ್ಲ. ಒಂದು ರಸ್ತೆಗೆ ಹೋದೆವು, ಕೊನೆಯಲ್ಲಿ ಗೋಡೆ. ಇನ್ನೊಂದಕ್ಕೆ ಹೋದೆವು, ಸುತ್ತಿ ಸುತ್ತಿ ಮತ್ತೆ ಅದೇ ಟೈಲ್ಸ್ ಅಂಗಡಿ ಮುಂದೆ ಬಂದೆವು. ಮೂರನೇ ಸಲ ಬಂದಾಗ ಅಂಗಡಿಯವನು ಕೈ ಎತ್ತಿ ನಮಸ್ಕಾರ ಮಾಡಿದ. ನಾನು ಇಳಿದು ಒಂದು ಮನೆ ಜಗಲಿ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದೆ. "ನೆಲ್ಲಿತೋಪಾ? ನೀವ್ ನಿಂತಿರೋದೇ ತೋಪು ಕಣಪ್ಪ" ಅಂದಳು. ಅವಳ ಬೆನ್ನ ಹಿಂದೆ ಮೂರು ಅಂತಸ್ತಿನ ಮನೆ, ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು. ಒಂದು ಮರವಾದರೂ ಉಳಿದಿದೆಯಾ ಅಂದೆ. "ಎಲ್ಲಿಂದ ಉಳೀತದೆ, ಸೈಟ್ ಮಾಡ್ವಾಗ ಬುಡ ಸಮೇತ ಕಿತ್ತಾಕ್ಬುಟ್ರು" ಅಂದಳು.

ನಾನು ಆ ಮನೆಗಳನ್ನೇ ನೋಡ್ತಾ ನಿಂತೆ. ಹಳೇ ಮರಗಳ ದುಃಖ ಅಂತ ಹೇಳಿಕೊಳ್ಳಬಹುದು, ಆದರೆ ಅದು ಸುಳ್ಳು. ನನಗೆ ಬಂದ ಮೊದಲ ಯೋಚನೆ, ಭಾನುವಾರಗಳು ಹೋದವಲ್ಲ ಅನ್ನೋದು.

ಆಟೋಗೆ ವಾಪಸ್ ಬಂದು, "ಇನ್ನು ಸ್ವಲ್ಪ ಮುಂದೆ ಅಂತೆ" ಅಂದೆ.

ಮುಂದೆ ಹೋದಷ್ಟೂ ಬಿಸಿಲು. ಪುಳಿಯೋಗರೆ ವಾಸನೆ ಆಟೋ ತುಂಬ. ಗಂಟೆ ಹನ್ನೆರಡಾಯಿತು. ಮೊಮ್ಮಗಳು "ಅಜ್ಜಿ, ಒಂದೇ ಒಂದು ತುತ್ತು" ಅಂದಳು. ನನ್ನ ಹೆಂಡತಿಗೆ ಅವಳ ಮೇಲೆ ಪ್ರಾಣ, ಆದರೆ ಈ ವಿಷಯದಲ್ಲಿ ಕಲ್ಲು. "ಮರಕ್ಕೆ ನೈವೇದ್ಯ ಆಗೋವರ್ಗೂ ಮುಟ್ಟಂಗಿಲ್ಲ, ಚಿನ್ನ. ತಾತ ಈಗ ತೋರಿಸ್ತಾರೆ, ಈಗ." ಹೇಳ್ತಾ ಹೇಳ್ತಾ ನನ್ನ ಕಡೆ ನೋಡಿದಳು. ಮಗಳು ಗಡಿಯಾರ ನೋಡಿದಳು. ಅಳಿಯಂದಿರು, "ಮಾವ, ನಾನು ಹದಿನೈದು ವರ್ಷದಿಂದ ಆಟೋ ಓಡಿಸ್ತಾ ಇದೀನಿ, ಮರದ ಅಡ್ರೆಸ್ಸಿಗೆ ಇದೇ ಮೊದಲ ಬಾಡಿಗೆ" ಅಂದರು. ಯಾರೂ ನಗಲಿಲ್ಲ.

ಬಡಾವಣೆಯ ಅಂಚಿನಲ್ಲಿ ಒಂದು ಖಾಲಿ ಜಾಗ ಕಾಣಿಸಿತು. ಬೇಲಿಯ ಪಕ್ಕ ನಾಲ್ಕೈದು ಮರ. ಸಣ್ಣ ಸಣ್ಣ ಎಲೆ, ಹುಣಿಸೆ ಎಲೆ ಹಾಗೆ ಸಾಲು ಸಾಲು. ದೂರದಿಂದ ನೋಡಿದರೆ ನೆಲ್ಲಿ ಅನ್ನಬಹುದು. ಹತ್ತಿರ ಹೋದಾಗಲೇ ನನಗೆ ತಿಳಿಯಿತು, ಅದು ಸುಬಾಬುಲ್. ಮೇಕೆ ಸಾಕೋರು ಸೊಪ್ಪಿಗೆ ಅಂತ ನೆಡೋ ಗಿಡ. ನಮ್ಮ ಅಪ್ಪ ಮೇಕೆ ಸಾಕಿದ್ದವನು, ಆ ಸೊಪ್ಪನ್ನು ನಾನೇ ಹೊತ್ತಿದ್ದೀನಿ.

"ನಿಲ್ಸಿ, ಅಳಿಯಂದಿರೇ" ಅಂದೆ. "ಇದೇ."

ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಆಶ್ಚರ್ಯ.

ನನ್ನ ಹೆಂಡತಿ ಮರ ನೋಡಿ, "ಆವಾಗ ಇನ್ನೂ ದಪ್ಪ ಇತ್ತಲ್ರೀ" ಅಂದಳು. ಅವು ಹಳೇವು, ಇವು ಅದರ ಮರಿಗಳು ಅಂದೆ. ಅವಳು ತಲೆಯಾಡಿಸಿದಳು. ಬುಡ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆದಳು. ಅರಿಶಿನ ಕುಂಕುಮ ಇಟ್ಟಳು. ಹನ್ನೊಂದು ನೆಲ್ಲಿಕಾಯಿಯಲ್ಲಿ ಹನ್ನೊಂದು ದೀಪ. ಗಾಳಿಗೆ ಆರದ ಹಾಗೆ ನಾವೆಲ್ಲ ಸುತ್ತ ಕೈ ಅಡ್ಡ ಹಿಡಿದೆವು. ಅವಳು ಸೆರಗು ಹೊದ್ದು ಮರಕ್ಕೆ ಹನ್ನೊಂದು ಸುತ್ತು ಬಂದಳು. ಆಮೇಲೆ ಕೈ ಮುಗಿದು ನಿಂತಾಗ ಅವಳ ಕಣ್ಣಲ್ಲಿ ನೀರಿತ್ತು. ನಾನು ಚಾಪೆ ಬಿಡಿಸೋ ನೆಪದಲ್ಲಿ ಆ ಕಡೆ ತಿರುಗಿದೆ.

ಊಟ ಮಾತ್ರ ಬಲು ಸೊಗಸಾಯಿತು. ಹಸಿದಿದ್ದೆವಲ್ಲ. ಮೊಮ್ಮಗಳು ನನ್ನ ತೊಡೆ ಮೇಲೆ ಕೂತು ಎರಡು ಸಲ ಹಾಕಿಸಿಕೊಂಡಳು. ಅಳಿಯಂದಿರು ಅಲ್ಲೇ ಒರಗಿ ಗೊರಕೆ ಹೊಡೆದರು. ಮಗಳು ಕಾಲು ಚಾಚಿ ಕೂತಿದ್ದಳು, ಅವಳು ಹಾಗೆ ಕೂತಿದ್ದನ್ನು ನೋಡಿ ಎಷ್ಟೋ ತಿಂಗಳಾಗಿತ್ತು. "ಚೆನ್ನಾಗಿದೆ ಕಣಪ್ಪ ಜಾಗ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ್ ವಾರದಿಂದ ಪುಟ್ಟೀನ ಕರ್ಕೊಂಡೋಗು. ಫೋನ್ ಮರೀಬೇಡ" ಅಂದಳು.

ಗೆದ್ದಿದ್ದೆ ನಾನು. ನಾಲ್ಕು ತಿಂಗಳು ಕಾದಿದ್ದು ಕೈಗೆ ಬಂದಿತ್ತು. ಕುಣೀಬೇಕು ಅನ್ನಿಸಬೇಕಿತ್ತು.

ಮೊಮ್ಮಗಳು ಅಷ್ಟರಲ್ಲಿ ಮರದ ಕೆಳಗೆ ನಿಂತು ಕತ್ತೆತ್ತಿ ನೋಡ್ತಿದ್ದಳು. "ತಾತ, ನೆಲ್ಲಿಕಾಯಿ ಎಲ್ಲಿ?"

"ಈ ವರ್ಷ ಬಿಟ್ಟಿಲ್ಲ, ಪುಟ್ಟಿ."

"ಮತ್ತೆ ಇದೇನು ನೇತಾಡ್ತಾ ಇರೋದು, ಚಪ್ಪಟೆ?"

ಒಣಗಿದ ಕಾಯಿಗಳು ಗೊಂಚಲು ಗೊಂಚಲಾಗಿ ತೂಗ್ತಿದ್ದವು. "ಅದು ನೆಲ್ಲಿಯ ಒಂದು ಜಾತಿ" ಅಂದೆ. ಅವಳು ಒಂದು ಚಣ ಯೋಚಿಸಿ, ಸರಿ ಅಂದಳು. ನಾನು ಹೇಳಿದ್ದಕ್ಕೆ ಅವಳು ಯಾವತ್ತೂ ಸರಿ ಅಂತಾಳೆ.

ಆಮೇಲೆ ಒಂದು ಕಡ್ಡಿ ಎಲೆ ಕಿತ್ತುಕೊಂಡು ಅಮ್ಮನ ಹತ್ತಿರ ಹೋದಳು. ಶಾಲೆಯಲ್ಲಿ ಎಲೆ ಅಂಟಿಸೋ ಪುಸ್ತಕ ಮಾಡಿಸ್ತಿದ್ದರಂತೆ, ಒಂದೊಂದು ಹಾಳೆಗೆ ಒಂದೊಂದು ಎಲೆ, ಕೆಳಗೆ ಹೆಸರು. ಎಲ್ಲರೂ ಮಾವು, ಬೇವು, ದಾಸವಾಳ ತಂದಿದ್ದಾರೆ, ನೆಲ್ಲಿ ಯಾರೂ ತಂದಿಲ್ಲ. "ಮಿಸ್ ಎಲ್ಲರ ಮುಂದೆ ನಿಲ್ಲಿಸಿ ಓದಿಸ್ತಾರೆ. ನಮ್ ತಾತ ತೋರಿಸಿದ ನೆಲ್ಲಿಮರ ಅಂತ ಬರೀತೀನಿ" ಅಂದಳು.

ಪಾತ್ರೆಗಳನ್ನು ಆಟೋಗೆ ತುಂಬಿದೆವು. ನಾನು ಹತ್ತಿ ಕೂತೆ. ಮಗು ಎಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಮುದುರಬಾರದು ಅಂತ ಇನ್ನೊಂದು ಕೈ ಮುಚ್ಚಿಕೊಂಡು ಕೂತಿತ್ತು. ಅವಳು ಕ್ಲಾಸಿನಲ್ಲಿ ಎದ್ದು ನಿಲ್ತಾಳೆ. ಮಿಸ್ಸಿಗೆ ಎಲೆ ಗೊತ್ತಿರುತ್ತೆ. ಇದು ನೆಲ್ಲಿ ಅಲ್ಲಮ್ಮ ಅಂತಾರೆ. ಮಕ್ಕಳು ನಗ್ತಾರೆ. ಆಗಲೂ ಇವಳು ನಮ್ ತಾತ ಹೇಳಿದ್ದು ಅಂತ ವಾದ ಮಾಡ್ತಾಳೆ, ಬಿಡೋಳಲ್ಲ. ನನಗೆ ಅದು ಕಣ್ಣಿಗೆ ಕಟ್ಟಿದ ಹಾಗಾಯಿತು. ಎಂಥಾ ಪೇಚು ನೋಡಿ, ನಾಲ್ಕು ತಿಂಗಳ ಮೇಲೆ ಸಿಕ್ಕಿದ್ದನ್ನು ಒಂದು ಎಲೆ ಕಿತ್ತುಕೊಳ್ತಾ ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ನನ್ನ ಮೇಲೇ ನನಗೆ ಸಿಟ್ಟು ಬಂತು, ಆ ಮರದ ಮೇಲೂ ಬಂತು.

"ಅಳಿಯಂದಿರೇ, ಒಂದ್ ನಿಮಿಷ, ಸ್ಟಾರ್ಟ್ ಮಾಡ್ಬೇಡಿ" ಅಂದೆ. "ಅದು ನೆಲ್ಲಿ ಅಲ್ಲ. ಸುಬಾಬುಲ್. ಮೇಕೆ ತಿನ್ನೋ ಸೊಪ್ಪು."

ಅಳಿಯಂದಿರು ಮುಂದಿನ ಗಾಜನ್ನು ಬಟ್ಟೆಯಲ್ಲಿ ಒರೆಸೋಕೆ ಶುರು ಮಾಡಿದರು.

ಮೊದಲು ಬಾಯಿ ಬಿಟ್ಟವಳು ನನ್ನ ಹೆಂಡತಿ. "ಅಂದ್ರೆ ನಾನು ಹನ್ನೊಂದ್ ಸುತ್ತು ಬಂದಿದ್ದು?"

"ಸುಬಾಬುಲ್‌ಗೆ."

"ನೈವೇದ್ಯ?"

"ಅದಕ್ಕೇ."

ಅವಳು ಸೆರಗು ಸರಿ ಮಾಡಿಕೊಂಡು ಆಚೆ ನೋಡಿದಳು. "ನಲವತ್ತು ವರ್ಷ ಬಾಳ್ವೆ ಮಾಡಿದ್ರೂ ಈ ಮನುಷ್ಯ ನನ್ನ ಮೇಕೆ ಸೊಪ್ಪಿಗೆ ಕೈ ಮುಗಿಸ್ಬುಟ್ರಲ್ಲ" ಅಂದಳು. ನನಗೆ ಹೇಳಲಿಲ್ಲ, ರಸ್ತೆಗೆ ಹೇಳಿದಳು.

ಮಗಳು ನನ್ನನ್ನೇ ನೋಡ್ತಿದ್ದಳು. "ಈಗ ಗೊತ್ತಾಯ್ತಾ ಅಪ್ಪ, ಆಗ್ಲೇ ಗೊತ್ತಿತ್ತಾ?"

ಅವಳು ನನಗೆ ದಾರಿ ಬಿಟ್ಟುಕೊಟ್ಟಿದ್ದಳು, ಅದು ನನಗೆ ಅರ್ಥ ಆಯಿತು. ವಯಸ್ಸಾಯ್ತು, ಕಣ್ಣು ಮಂಜು, ಈಗ ಹೊಳೀತು ಅಂದಿದ್ದರೆ ಅಲ್ಲಿಗೆ ಮುಗೀತಿತ್ತು.

"ಇಳಿಯೋವಾಗ್ಲೇ ಗೊತ್ತಿತ್ತು" ಅಂದೆ. "ತೋಪು ಇಲ್ಲ ಅಂತ ಆ ಅಜ್ಜಿ ಆಗ್ಲೇ ಹೇಳಿದ್ಲು. ನೀನು ಭಾನುವಾರ ಕೊಡಲ್ಲ ಅಂತ ಹೆದರಿ ನಾನೇ ಹೇಳ್ಲಿಲ್ಲ."

ಮನೆಗೆ ಬರೋ ದಾರಿಯಲ್ಲಿ ಮಗು ಒಂದು ಸಲ, "ಸುಬಾಬುಲ್ ಬರೆಯೋಕೆ ಒತ್ತಕ್ಷರ ಬರುತ್ತಾ ತಾತ?" ಅಂತ ಕೇಳಿತು. ಬರೋದಿಲ್ಲ ಅಂದೆ. ಅವಳಿಗೆ ಸಮಾಧಾನವಾಯಿತು.

ಮುಂದಿನ ಭಾನುವಾರ ಮಗಳು ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅದರ ಮುಂದಿನ ಭಾನುವಾರವೂ ಅಷ್ಟೇ. ಈರುಳ್ಳಿ ಮಂಡಿವರೆಗೂ ಹೋದೆವು, ಮೂಟೆ ನೋಡಿದೆವು, ಬಂದೆವು. ಹೆಂಡತಿ ನನಗೆ ಕಾಫಿ ಲೋಟವನ್ನು ಕೈಗೆ ಕೊಡದೆ ಕಿಟಕಿಯಲ್ಲಿ ಇಟ್ಟು ಹೋಗ್ತಿದ್ದಳು. ನಿಜ ಹೇಳಿದವನಿಗೆ ಇದಾ ಮರ್ಯಾದೆ ಅಂತ ನಾನು ಗೋಡೆ ನೋಡಿಕೊಂಡು ಗೊಣಗಿದೆ. ಸುಳ್ಳು ಹೇಳಿದ್ದೂ ನಾನೇ ಅನ್ನೋದು ನೆನಪಾಗಿ ಸುಮ್ಮನಾದೆ. ಎರಡು ವಾರದಲ್ಲಿ ಆ ಗೋಡೆಯ ಒಂದೊಂದು ಬಿರುಕೂ ನನಗೆ ಬಾಯಿಪಾಠವಾಯಿತು.

ಮೂರನೇ ಭಾನುವಾರ ಬೆಳಿಗ್ಗೆ ನಾನು ಜಗಲಿ ಮೇಲೆ ಕೂತಿದ್ದೆ. ಮಗಳು ರಾತ್ರಿಪಾಳಿ ಮುಗಿಸಿ ಬಂದವಳು, ಕಣ್ಣು ಕೆಂಪಾಗಿತ್ತು. ಒಳಗಿಂದ ಮಗುವಿನ ಚಪ್ಪಲಿ ತಂದು ನನ್ನ ಮುಂದೆ ಇಟ್ಟಳು.

"ಎಲ್ಲಿಗೆ ಹೋಗ್ತೀಯ?"

ನಾನು ಎದ್ದು ನಿಂತೆ. "ಯಾದವಗಿರಿ ಕಡೆ. ಅಲ್ಲಿ ರಸ್ತೇಲಿ ದೊಡ್ಡ ದೊಡ್ಡ ಮರ ಇದಾವೆ, ಬಸ್ ಕಾಟ ಕಮ್ಮಿ."

"ಎಷ್ಟೊತ್ತಿಗೆ ಬರ್ತೀಯ?"

"ಒಂಬತ್ತೂವರೆಗೆ."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ಅಪ್ಪ, ನಿಜವಾದ್ ಟೈಮ್ ಹೇಳು."

ಮೊಮ್ಮಗಳು ಆಗಲೇ ಚಪ್ಪಲಿ ಮೆಟ್ಟಿ ಬೀದಿಗಿಳಿದು, ಒಂದು ಇರುವೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಅವಳನ್ನು ನೋಡಿದೆ, ದಾರಿ ಎಷ್ಟುದ್ದ ಅಂತ ಲೆಕ್ಕ ಹಾಕಿದೆ, ಎಷ್ಟು ಮರಕ್ಕೆ ಕಿವಿ ಇಡಬೇಕಾಗುತ್ತೆ ಅಂತಲೂ ಹಾಕಿದೆ.

"ಹನ್ನೊಂದೂವರೆ ಆಗುತ್ತೆ ಕಣಮ್ಮ" ಅಂದೆ.

"ಹೋಗ್ಬನ್ನಿ" ಅಂದಳು.